ಅಕ್ಕನ ತೂಕ ಇಳಿಸಲು ಶಸ್ತ್ರಚಿಕಿತ್ಸೆಯೋ, ಚುಚ್ಚುಮದ್ದೋ? ಅನುಭವಸ್ಥರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿರುವ ನನ್ನ ಅಕ್ಕನಿಗೆ 46 ವರ್ಷ. ಎತ್ತರ 155 ಸೆಂ.ಮೀ., ತೂಕ 104 ಕೆ.ಜಿ., ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಸೂಚ್ಯಂಕ) 43 ದಾಟಿದೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಮಂಡಿನೋವಿನಿಂದಾಗಿ ಮನೆ ಮುಂದಿನ ಮೂರು ಮೆಟ್ಟಿಲನ್ನೂ ಗೋಡೆ ಹಿಡಿದು, ಒಂದೊಂದರ ಮೇಲೂ ಎರಡೂ ಕಾಲು ಊರಿ ಹತ್ತುತ್ತಾರೆ. ಮುದ್ದೆ ಬಿಟ್ಟರೆ ಸಾಕು ಎನ್ನುವವರು ಬಹಳ. ಆದರೆ ಎರಡು ವರ್ಷ ಪಥ್ಯ ಮಾಡಿ ಇಳಿಸಿದ 9 ಕೆ.ಜಿ. ಮರಳಿ ಬಂದದ್ದನ್ನು ಕಣ್ಣಾರೆ ಕಂಡ ನನಗೆ, ಇದು ಅವರ ಮನೋಬಲದ ಕೊರತೆಯಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ ಎಂಬುದು ಖಚಿತವಾಗಿದೆ.

ಮೈಸೂರಿನ ವೈದ್ಯರು ಎರಡು ದಾರಿ ತಿಳಿಸಿದ್ದಾರೆ. ಒಂದು, ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ತೆಗೆದುಹಾಕುವ ಸ್ಲೀವ್ ಶಸ್ತ್ರಚಿಕಿತ್ಸೆ; ಇದರಿಂದ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನೂ ತಗ್ಗುತ್ತದೆ, ಆದರೆ ತೆಗೆದ ಭಾಗವನ್ನು ಮತ್ತೆ ಜೋಡಿಸಲಾಗದು, ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪರ್ಯಂತ ಬೇಕು. ಅಕ್ಕನಿಗೆ ಹಳೆಯ ಎದೆಯುರಿಯೂ ಇದ್ದು, ಸ್ಲೀವ್ ನಂತರ ಅದು ಹೆಚ್ಚಬಹುದಾದ್ದರಿಂದ ಜಠರವನ್ನು ಚಿಕ್ಕದಾಗಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಬೈಪಾಸ್ ವಿಧಾನವನ್ನೂ ಯೋಚಿಸಲು ಹೇಳಿದ್ದಾರೆ. ನನ್ನನ್ನು ಹೆಚ್ಚು ಕಾಡುತ್ತಿರುವುದು ಇದೇ.

ಇನ್ನೊಂದು, ಹಸಿವು ತಗ್ಗಿಸುವ ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಔಷಧಿಯ ವಾರಕ್ಕೊಮ್ಮೆಯ ಚುಚ್ಚುಮದ್ದು. ಇದರಲ್ಲಿ ವಾಕರಿಕೆ, ಮಲಬದ್ಧತೆ ಉಂಟಾಗಬಹುದು, ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ ಎಂದಿದ್ದಾರೆ.

ಎದೆಯುರಿಯಿದ್ದೂ ಸ್ಲೀವ್ ಮಾಡಿಸಿಕೊಂಡವರು, ಅಥವಾ ಚುಚ್ಚುಮದ್ದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಪಡೆದವರು ಇಲ್ಲಿದ್ದರೆ, ತಮ್ಮ ಅನುಭವವನ್ನೂ ತಿಂಗಳ ಖರ್ಚನ್ನೂ ದಯವಿಟ್ಟು ತಿಳಿಸಿ. ಇಂಥ ಶಸ್ತ್ರಚಿಕಿತ್ಸೆಗೆ ವಿಮೆಯ ಹಣ ಪಡೆದವರು ಯಾವ ದಾಖಲೆಗಳನ್ನು ಕೊಡಬೇಕಾಯಿತು ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ. ಮುಂದಿನ ಸೋಮವಾರ ಮತ್ತೆ ವೈದ್ಯರನ್ನು ಕಾಣಲಿದ್ದೇವೆ.