ಶೆಲ್ಟರ್‌ನವರ ಅಂಗಡಿಯಿಂದ ನಾಯಿ ತರುವ ಮುಂಚೆ: ತಂದು ಸಾಕಿದವರ ಮಾತು

ಕೇಳಿದ್ದು:

ರಕ್ಷಿಸಿ ತಂದ ನಾಯಿಗಳನ್ನು ನೋಡಿಕೊಳ್ಳುವ ಶೆಲ್ಟರ್‌ನವರೇ ನಡೆಸುವ ಒಂದು ಪೆಟ್ ಶಾಪ್ ಇದೆ. ಮುಂದೆ ಬೆಲ್ಟು, ಬಟ್ಟಲು, ಆಹಾರದ ಚೀಲ ಮಾರುತ್ತಾರೆ, ಒಳಗೆ ನಾಲ್ಕೈದು ನಾಯಿಗಳನ್ನು ದತ್ತು ಕೊಡಲು ಇಟ್ಟಿರುತ್ತಾರೆ. ಅಲ್ಲಿರುವ ಕಂದು ಬಣ್ಣದ ಹೆಣ್ಣು ನಾಯಿ ನಮ್ಮ ಮನಸ್ಸಿಗೆ ಹಿಡಿಸಿದೆ. ಎರಡು ವರ್ಷ ಇರಬಹುದು ಅಂದರು. ನಾನು ಹೋದಾಗಲೆಲ್ಲ ಮೂಲೆಯಲ್ಲಿ ಸುಮ್ಮನೆ ಮಲಗಿರುತ್ತದೆ, ಬಹಳ ಸಾಧು ಅನ್ನಿಸುತ್ತದೆ. ಮನೆಯಲ್ಲಿ ನಾವಿಬ್ಬರು, ಏಳು ವರ್ಷದ ಮಗಳು. ಇದುವರೆಗೆ ನಾಯಿ ಸಾಕಿ ಗೊತ್ತಿಲ್ಲ. ತರುವ ಮುಂಚೆ ಏನು ಕೇಳಬೇಕು, ತಂದ ಮೇಲೆ ಏನು ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಎರಡು ನಾಯಿ ತಂದು ಸಾಕಿದವರು:

ಸುಮ್ಮನೆ ಮಲಗಿರುತ್ತದೆ, ಸಾಧು ಅನ್ನಿಸುತ್ತದೆ ಅಂತ ಬರೆದಿದ್ದೀರಿ. ಓದಿದ ಕೂಡಲೇ ನಮ್ಮ ನಾಯಿ ಬೆಳ್ಳಿಯ ನೆನಪಾಯಿತು. ಅವಳೂ ಅಂಗಡಿಯಲ್ಲಿ ಹಾಗೇ ಇದ್ದಳು. ಎಷ್ಟು ಜನ ಬಂದು ಹೋದರೂ ತಲೆ ಎತ್ತುತ್ತಿರಲಿಲ್ಲ. ಮನೆಗೆ ಬಂದ ಮೂರನೇ ವಾರಕ್ಕೆ ಗೇಟಿನ ಸದ್ದಾದರೆ ಸಾಕು, ಮನೆ ಕಿತ್ತುಹೋಗುವ ಹಾಗೆ ಬೊಗಳತೊಡಗಿದಳು. ನನ್ನ ಎರಡು ಜೊತೆ ಚಪ್ಪಲಿ ಚಿಂದಿ ಮಾಡಿದಳು. ಅವಳೇನೂ ಕೆಟ್ಟುಹೋಗಿರಲಿಲ್ಲ, ಅಲ್ಲಿಯವರೆಗೆ ಮೈಯನ್ನು ಹಿಡಿದಿಟ್ಟಿದ್ದ ಹೆದರಿಕೆ ಇಳಿದಿತ್ತು. ಗೂಡಿನಲ್ಲಿ ಕಾಣುವ ನಾಯಿ ಬೇರೆ, ಮನೆಯಲ್ಲಿ ನೆಲೆಯಾದ ನಾಯಿ ಬೇರೆ. ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ.

ಆದ್ದರಿಂದ ಕೌಂಟರ್‌ನಲ್ಲಿ ಕೂತವರನ್ನು ಮಾತ್ರ ಕೇಳಿ ಬಂದುಬಿಡಬೇಡಿ. ದಿನಾ ಗೂಡು ತೊಳೆದು ಊಟ ಹಾಕುವವರು ಒಬ್ಬರು ಇರುತ್ತಾರಲ್ಲ, ಅವರನ್ನು ಹುಡುಕಿ ಮಾತಾಡಿಸಿ. ಕೌಂಟರ್‌ನವರಿಗೆ ಫೈಲಿನಲ್ಲಿರುವುದು ಗೊತ್ತು, ಇವರಿಗೆ ನಾಯಿ ಗೊತ್ತು. ಊಟದ ಬಟ್ಟಲಿಗೆ ಕೈ ಹಾಕಿದರೆ ಏನು ಮಾಡುತ್ತದೆ, ಕೊರಳ ಬೆಲ್ಟ್ ಹಿಡಿದರೆ ಹೇಗೆ, ಅಂಗಡಿ ಬಾಗಿಲು ಹಾಕಿದ ಮೇಲೆ ಏಳುತ್ತದೆಯೇ, ಬೇರೆ ನಾಯಿ ಹತ್ತಿರ ಬಂದರೆ ಏನು, ಗಂಡಸರನ್ನು ಕಂಡರೆ ಏನು, ಇದನ್ನೆಲ್ಲ ಕೇಳಿ. ಫೈಲಿನಲ್ಲಿ "ಮಕ್ಕಳ ಜೊತೆ ಚೆನ್ನಾಗಿದೆ" ಅಂತ ಬರೆದಿದ್ದರೆ ಅಲ್ಲಿಗೇ ಬಿಡಬೇಡಿ. ಎಷ್ಟು ವಯಸ್ಸಿನ ಮಕ್ಕಳು, ಎಷ್ಟು ಹೊತ್ತು ಜೊತೆಗಿದ್ದರು, ಕಣ್ಣಾರೆ ನೋಡಿದವರು ಯಾರು? ಎಷ್ಟೋ ಸಲ ಆ ಒಂದು ಸಾಲಿನ ಹಿಂದೆ ಹತ್ತು ನಿಮಿಷದ ಭೇಟಿ ಬಿಟ್ಟರೆ ಬೇರೇನೂ ಇರುವುದಿಲ್ಲ.

ಕಡಿಮೆ ಅಂದರೂ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಒಂದು ಸಲವಾದರೂ ಅಂಗಡಿಯಿಂದ ಹೊರಗೆ ನಡೆಸಿಕೊಂಡು ಹೋಗಲು ಅನುಮತಿ ಕೇಳಿ. ನಾಲ್ಕು ಗೋಡೆಯ ಆಚೆ ಹುಲ್ಲು ಮೂಸುತ್ತದೆಯೇ, ನೀವು ನಿಂತರೆ ತಿರುಗಿ ನೋಡುತ್ತದೆಯೇ ಅನ್ನುವುದು ಗೂಡಿನ ಮುಂದೆ ಒಂದು ತಾಸು ನಿಂತರೂ ತಿಳಿಯುವುದಿಲ್ಲ.

ಇನ್ನು ಮನೆಗೆ ತಂದ ಮೇಲೆ. ಶೆಲ್ಟರ್‌ಗಳಲ್ಲಿ ಮೂರರ ಲೆಕ್ಕ ಹೇಳುತ್ತಾರೆ: ಬೆಚ್ಚಿದ್ದು ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಎಲ್ಲ ನಾಯಿಗೂ ಇದೇ ಲೆಕ್ಕ ಅಂತಲ್ಲ, ಆದರೆ ನಮಗೆ ತಾಳ್ಮೆ ತಂದುಕೊಳ್ಳಲು ಒಳ್ಳೆಯ ಅಳತೆ. ಬೆಳ್ಳಿ ಮೊದಲ ಎರಡು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ನಾನು ಬಗ್ಗಿ ಬಗ್ಗಿ ಕರೆದಷ್ಟೂ ಗೋಡೆಗೆ ಅಂಟಿಕೊಂಡಳು. ಶೆಲ್ಟರ್‌ನ ಕೆಲಸದವರಿಗೆ ಫೋನ್ ಮಾಡಿದರೆ, "ಏನೂ ಮಾಡಬೇಡಿ ಅಕ್ಕ, ನೀರು ಇಟ್ಟು ದೀಪ ಆರಿಸಿ ನಿಮ್ಮ ಪಾಡಿಗೆ ಮಲಗಿ" ಅಂದರು. ಎರಡನೇ ರಾತ್ರಿ ಕತ್ತಲಲ್ಲಿ ಲಪಲಪ ನೀರು ಕುಡಿಯುವ ಸದ್ದು ಕೇಳಿಸಿತು. ಉಸಿರು ಬಿಗಿ ಹಿಡಿದು ಮಲಗಿದ್ದೆ. ಬಟ್ಟಲು ಖಾಲಿಯಾದ ಮೇಲೆ ಉಗುರಿನ ಟಿಕ್ ಟಿಕ್ ಸದ್ದು ನನ್ನ ಹಾಸಿಗೆಯವರೆಗೆ ಬಂತು, ನೇತಾಡುತ್ತಿದ್ದ ನನ್ನ ಕೈಗೆ ಒದ್ದೆ ಮೂಗು ತಾಗಿತು, ಮತ್ತೆ ಮಂಚದಡಿಗೆ ಹೋಯಿತು. ನಾನು ಕೈ ಅಲುಗಿಸಲಿಲ್ಲ. ಆವತ್ತು ಅಲುಗಿಸಿದ್ದರೆ ಇನ್ನೂ ಎರಡು ದಿನ ಹಿಂದಕ್ಕೆ ಹೋಗುತ್ತಿದ್ದೆವು ಅಂತ ಈಗಲೂ ನಂಬಿದ್ದೇನೆ.

ಹಾಗಾಗಿ ಮೊದಲ ವಾರ ನೆಂಟರು, ನೆರೆಯವರು ಯಾರನ್ನೂ ನಾಯಿ ನೋಡಲು ಕರೆಯಬೇಡಿ. ಸ್ನಾನ ಮಾಡಿಸುವ ಆತುರವೂ ಬೇಡ. ಅದಕ್ಕೇ ಅಂತ ಒಂದು ಮೂಲೆ, ದಿನಾ ಅದೇ ಹೊತ್ತಿಗೆ ಊಟ, ಹೊರಗೆ ಹೋಗಲು ಅದೇ ದಾರಿ, ಇಷ್ಟೇ ಸಾಕು. ಅಂಗಡಿಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮೊದಲು ಹಾಕಿ. ಬದಲಿಸುವುದಿದ್ದರೆ 7ರಿಂದ 10 ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಬನ್ನಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಮಗಳಿಗೆ ಮೊದಲೇ ಹೇಳಿಡಿ: ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ, ಪ್ರೀತಿಗೂ ಕೊಡುವ ಹಾಗಿಲ್ಲ.

ಮೊದಲ ವಾರದಿಂದಲೇ ಇನ್ನೊಂದು ಅಭ್ಯಾಸ. ಒಂಟಿಯಾಗಿರುವುದನ್ನು ಕಲಿಸಿ. ಬಾಗಿಲು ಹಾಕಿ ಅರ್ಧ ನಿಮಿಷಕ್ಕೆ ಬನ್ನಿ, ಆಮೇಲೆ ಎರಡು ನಿಮಿಷ, ಹತ್ತು ನಿಮಿಷ. ರಜೆ ಹಾಕಿ ಹದಿನೈದು ದಿನ ಮಗ್ಗುಲಲ್ಲೇ ಕೂತು, ಹದಿನಾರನೇ ದಿನ ಇಡೀ ದಿನ ಬಿಟ್ಟುಹೋದರೆ ಅದು ಬಾಗಿಲು ಕೆರೆಯದೆ ಇನ್ನೇನು ಮಾಡೀತು?

ಮರಿ ಕಳೆದುಕೊಂಡವರು:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಆರೋಗ್ಯದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕಂದರೆ ನಮಗೆ ಪೆಟ್ಟು ಬಿದ್ದದ್ದು ಅಲ್ಲಿ.

ನಾವು ತಂದದ್ದು ಎರಡು ತಿಂಗಳ ಮರಿ. ಲಸಿಕೆ ಆಗಿದೆ ಅಂದರು, ನಂಬಿದೆವು. ಐದನೇ ದಿನ ಊಟ ಬಿಟ್ಟಿತು, ಸಂಜೆ ವಾಂತಿ, ರಾತ್ರಿಗೆ ರಕ್ತಭೇದಿ. ಪಾರ್ವೊ, ಅಂದರೆ ಕರುಳಿಗೆ ಬರುವ ವೈರಸ್ ಕಾಯಿಲೆ. ಮೂರು ದಿನ ಡ್ರಿಪ್ ಹಾಕಿಸಿದರೂ ಉಳಿಯಲಿಲ್ಲ. ವೈರಸ್ ಒಳಗೆ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಕೆಲವೊಮ್ಮೆ 14 ದಿನದವರೆಗೂ ಹೋಗುತ್ತದೆ. ಅಂದರೆ ತರುವ ದಿನ ಕುಣಿದಾಡುವ ಮರಿಯ ಮೈಯಲ್ಲಿ ಕಾಯಿಲೆ ಆಗಲೇ ಇರಬಹುದು. ಲಸಿಕೆ ಆಗಿದೆ ಅನ್ನುವ ಮಾತು ಸಾಲದು. ಯಾವ ದಿನ, ಯಾವ ಲಸಿಕೆ, ಎಷ್ಟನೇ ಡೋಸ್ ಅನ್ನುವುದನ್ನು ವೈದ್ಯರ ಸಹಿ ಇರುವ ಕಾರ್ಡಿನಲ್ಲಿ ಓದಿ. ಮರಿಗಳಿಗೆ 6ರಿಂದ 8 ವಾರಕ್ಕೆ ಶುರುವಾಗಿ ಕನಿಷ್ಠ 16 ವಾರ ತುಂಬುವವರೆಗೆ ಡೋಸ್‌ಗಳು ಮುಂದುವರಿಯಬೇಕು. ಒಂದು ಡೋಸ್ ಆದ ಮರಿಗೆ ರಕ್ಷಣೆ ಪೂರ್ತಿ ಸಿಕ್ಕಿರುವುದಿಲ್ಲ.

ನಿಮ್ಮದು ದೊಡ್ಡ ನಾಯಿ, ಅಪಾಯ ಕಡಿಮೆ. ಆದರೂ ತಂದ ಎರಡು ಮೂರು ದಿನದೊಳಗೆ ನಿಮ್ಮದೇ ವೈದ್ಯರಿಗೆ ತೋರಿಸಿ. ಜಂತುಹುಳಕ್ಕೆ ಮಲ ಪರೀಕ್ಷೆ, ಉಣ್ಣಿ ಹುಳು ಕಚ್ಚಿ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಬೇಕೇ ಅಂತ ಕೇಳಿ. ಸೊಳ್ಳೆಯಿಂದ ಬರುವ ಹೃದಯದ ಹುಳು ಇರುವ ಕಡೆ ಅದರ ಪರೀಕ್ಷೆಯನ್ನು 6 ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕಾಗುತ್ತದೆ, ಹೊಸ ಸೋಂಕು ಮೊದಲ ಪರೀಕ್ಷೆಗೆ ಸಿಗುವುದಿಲ್ಲ. ಒಣ ಕೆಮ್ಮು ಬಂದರೆ ಗಾಬರಿ ಬೇಡ, ಹತ್ತಾರು ನಾಯಿ ಒಟ್ಟಿಗಿರುವ ಕಡೆ ಕೆನಲ್ ಕೆಮ್ಮು ಸಾಮಾನ್ಯ, ಆದರೆ ವೈದ್ಯರಿಗೆ ತೋರಿಸಿ.

ಈ ಮಾತು ಮರಿ ಕಳೆದುಕೊಂಡ ಬೇರೆಯವರಿಗಾಗಿ: ಪಾರ್ವೊ ವೈರಸ್ ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನೆಲವನ್ನು ಮೊದಲು ಸೋಪಿನಿಂದ ತೊಳೆದು, 1 ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ 10 ನಿಮಿಷ ಒದ್ದೆಯಾಗಿಡಬೇಕು. ನಾವು ಒಂದು ವರ್ಷ ಬಿಟ್ಟು, ಲಸಿಕೆ ಪೂರ್ತಿಯಾದ ನಾಯಿಯನ್ನೇ ತಂದೆವು. ಅದು ಈಗ ನನ್ನ ಕಾಲ ಬುಡದಲ್ಲಿ ಮಲಗಿದೆ.

ಅಂಗಡಿ ನಿಜಕ್ಕೂ ಶೆಲ್ಟರ್‌ನದೇ ಅಂತ ನೋಡಿ ಅನ್ನುವವರು:

ಶೆಲ್ಟರ್ ಅನ್ನುವ ಬೋರ್ಡ್ ಹಾಕಿ ಮರಿ ಮಾರುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜನವರಿ 1ರಿಂದ ಪೆಟ್ ಶಾಪ್‌ನವರು ಶೆಲ್ಟರ್ ಅಥವಾ ರಕ್ಷಣಾ ಸಂಸ್ಥೆಗಳಿಂದ ಬಂದ ನಾಯಿ, ಬೆಕ್ಕು, ಮೊಲಗಳನ್ನಷ್ಟೇ ಮಾರಬೇಕು ಅಂತ ಕಾನೂನಾಯಿತು. ಕೆಲವರು ಹೆಸರಿಗೊಂದು ರಕ್ಷಣಾ ಸಂಸ್ಥೆ ಹುಟ್ಟುಹಾಕಿ, ವ್ಯಾಪಾರಕ್ಕೆ ಹುಟ್ಟಿಸಿದ ಮರಿಗಳನ್ನೇ ಅದರ ಮೂಲಕ ಒಳಗೆ ತಂದರು. 2021ರಲ್ಲಿ ಆ ಕಂಡಿ ಮುಚ್ಚಲು ಇನ್ನೊಂದು ಕಾನೂನು ಜಾರಿಗೆ ಬರಬೇಕಾಯಿತು.

ಗುರುತಿಸುವುದು ಕಷ್ಟವಲ್ಲ. ನಿಜವಾದ ಶೆಲ್ಟರ್‌ನಲ್ಲಿ ವಯಸ್ಸಾದವು, ಮಿಶ್ರತಳಿ, ಒಂದು ಕಾಲು ಊನವಾದವು ಎಲ್ಲ ಇರುತ್ತವೆ. ಒಂದೇ ತಳಿಯ ಪುಟ್ಟ ಮರಿಗಳು ವಾರವಾರ ಬರುತ್ತಿದ್ದರೆ, ತಳಿ ನೋಡಿ ದತ್ತು ಶುಲ್ಕ ಏರುತ್ತಿದ್ದರೆ ಹಿಂದೆ ಸರಿಯಿರಿ. ಒಳ್ಳೆಯವರು ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ, ಮನೆ ನೋಡಲು ಬರುತ್ತೇವೆ ಅನ್ನುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಅದು ನಾಯಿಯ ಮೇಲಿನ ಕಾಳಜಿ. ಹೊಂದಿಕೆಯಾಗದಿದ್ದರೆ ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳುತ್ತೇವೆ ಅನ್ನುವುದು ದತ್ತು ಪತ್ರದಲ್ಲೇ ಇರಬೇಕು. ಸಂತಾನಹರಣ ಚಿಕಿತ್ಸೆ ಆಗಿದೆಯೇ ಕೇಳಿ. ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್ ಇದ್ದರೆ ಆ 15 ಅಂಕಿಯ ನಂಬರಿನ ನೋಂದಣಿಯನ್ನು ನಿಮ್ಮ ಹೆಸರು, ಫೋನಿಗೆ ಬದಲಾಯಿಸಿಕೊಳ್ಳಿ. ಬದಲಾಯಿಸದಿದ್ದರೆ ಚಿಪ್ ಇದ್ದೂ ಪ್ರಯೋಜನವಿಲ್ಲ.

ಮೊದಲ ದಿನವೇ ನಾಯಿ ಓಡಿಹೋಗಿದ್ದವರು:

ಕಾರಿನ ಬಾಗಿಲು ತೆಗೆದದ್ದೇ ತಡ, ತಲೆ ಹಿಂದಕ್ಕೆಳೆದು ಬೆಲ್ಟಿನಿಂದ ಜಾರಿ ಓಡಿಬಿಟ್ಟಿತು. ಹನ್ನೊಂದು ತಾಸು ಹುಡುಕಿದೆವು, ಜೀವ ಬಾಯಿಗೆ ಬಂದಿತ್ತು. ಹೆದರಿದ ನಾಯಿ ಕರೆದರೆ ಬರುವುದಿಲ್ಲ, ಅದಕ್ಕೆ ತನ್ನ ಹೊಸ ಹೆಸರೇ ಗೊತ್ತಿರುವುದಿಲ್ಲ. ಎದೆಗೆ ಕಟ್ಟುವ ಹಾರ್ನೆಸ್ ಒಂದು, ಕೊರಳಿಗೆ ಬೆಲ್ಟ್ ಒಂದು, ಎರಡಕ್ಕೂ ಲೀಶ್ (ಕೈಯಲ್ಲಿ ಹಿಡಿಯುವ ಹಗ್ಗ) ಹಾಕಿ ತನ್ನಿ. ಕೊರಳ ಬೆಲ್ಟಿನೊಳಗೆ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಬೇಡ. ಫೋನ್ ನಂಬರಿನ ಬಿಲ್ಲೆಯನ್ನು ಅಂಗಡಿಯಲ್ಲೇ ಹಾಕಿಸಿ. ಮನೆ ಒಳಗೆ ಸೇರಿ ಬಾಗಿಲು ಹಾಕುವವರೆಗೆ ಒಂದನ್ನೂ ಬಿಚ್ಚಬೇಡಿ.

ಶಿಶುವಿಹಾರದ ಟೀಚರ್, ಮನೆಯಲ್ಲಿ ಎರಡು ಮಕ್ಕಳು, ಒಂದು ನಾಯಿ:

ಮಗಳ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಮಕ್ಕಳಿಗೆ ಪ್ರೀತಿ ಅಂದರೆ ತಬ್ಬಿಕೊಳ್ಳುವುದು. ನಾಯಿಗೆ ಅದು ಹಿಡಿದು ಕಟ್ಟಿಹಾಕಿದ ಹಾಗೆ. ಮಲಗಿದಾಗ, ತಿನ್ನುವಾಗ ಮುಟ್ಟಬಾರದು. ಮುಖಕ್ಕೆ ಮುಖ ತರಬಾರದು. ಮೊದಲ ಕೆಲವು ತಿಂಗಳು ಮಗಳು, ನಾಯಿ ಇಬ್ಬರನ್ನೇ ಬಿಟ್ಟು ಅಡುಗೆಮನೆಗೂ ಹೋಗಬೇಡಿ.

ನೀವಿಬ್ಬರೂ ಅದರ ಮುಖ ಓದುವುದನ್ನು ಕಲಿಯಿರಿ. ಹಸಿವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ತಲೆ ಅತ್ತ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸಿ ನೋಡುವುದು, ಮೈ ಸೆಟೆಯುವುದು, ಇವೆಲ್ಲ "ದೂರ ಇರಿ" ಅನ್ನುವ ಮಾತು. ಗುರ್ ಅಂದರೆ ಗದರಬೇಡಿ. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಹೇಳದೆ ಕಚ್ಚುತ್ತದೆ. ಹಲ್ಲು ತಾಗಿ ಚರ್ಮ ಗೀರಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಬಳಿ ಹೋಗಿ. ನಾಯಿಗೆ ರೇಬೀಸ್ (ಹುಚ್ಚುನಾಯಿ ರೋಗ) ಲಸಿಕೆ ಆಗಿದೆ ಅಂತ ನೀವೇ ತೀರ್ಮಾನ ಮಾಡಿ ಮನೆಯಲ್ಲಿ ಕೂರಬೇಡಿ.

ಕೇಳಿದವರು ಮತ್ತೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಸಂಜೆ ಹೋಗಿ ಗೂಡು ತೊಳೆಯುವ ಹುಡುಗನನ್ನು ಮಾತಾಡಿಸಿದೆ. ಆರು ತಿಂಗಳ ಹಿಂದೆ ಕಟ್ಟಡ ಕಟ್ಟುತ್ತಿದ್ದ ಜಾಗದಿಂದ ತಂದರಂತೆ. ಪೊರಕೆ, ಕೋಲು ಕಂಡರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದಂತೆ. ಊಟದ ಹತ್ತಿರ ಬೇರೆ ನಾಯಿ ಬಂದರೆ ಹಲ್ಲು ತೋರಿಸುತ್ತದೆ, ಮನುಷ್ಯರಿಗೆ ಇದುವರೆಗೆ ತೋರಿಸಿಲ್ಲ ಅಂದ. ಅವನು ಬಕೆಟ್ ಹಿಡಿದು ಒಳಗೆ ಹೋದಾಗ ಮಲಗಿದಲ್ಲೇ ಬಾಲದ ತುದಿ ಎರಡು ಸಲ ಅಲ್ಲಾಡಿತು. ನಾನು ಇಷ್ಟು ದಿನ ಹೋಗಿದ್ದೇನೆ, ನನಗೆ ಒಂದು ಸಲವೂ ಅಲ್ಲಾಡಿಸಿರಲಿಲ್ಲ. ಶನಿವಾರ ಮಗಳನ್ನು ಕರೆದುಕೊಂಡು ಹೋಗುತ್ತೇವೆ.

ಎರಡು ನಾಯಿ ತಂದು ಸಾಕಿದವರು:

ಬಾಲದ ತುದಿ ಅಲ್ಲಾಡಿತು ಅಂದರೆ ಮನುಷ್ಯರನ್ನು ನಂಬುವುದು ಅದಕ್ಕೆ ಬರುತ್ತದೆ. ಒಬ್ಬರನ್ನು ನಂಬಿದೆ, ನಿಮ್ಮನ್ನೂ ನಂಬುತ್ತದೆ, ದಿನ ಬೇಕು. ಶನಿವಾರ ಮಗಳನ್ನು ಗೂಡಿನ ಪಕ್ಕ ನೆಲದ ಮೇಲೆ ಅಡ್ಡಕ್ಕೆ ತಿರುಗಿ ಕೂರಿಸಿ. ನಾಯಿಯನ್ನು ನೋಡುವುದು ಬೇಡ, ಕರೆಯುವುದು ಬೇಡ. ಕೈಯಲ್ಲೊಂದು ಪುಸ್ತಕ ಕೊಡಿ, ಮೆಲುದನಿಯಲ್ಲಿ ಓದಿಕೊಳ್ಳಲಿ. ಆಗಾಗ ಒಂದು ತುಣುಕು ತಿಂಡಿ ಪಕ್ಕಕ್ಕೆ ಹಾಕಲಿ. ಎದ್ದು ಬಂದು ತಿಂದರೆ ಆವತ್ತಿಗೆ ಅಷ್ಟು ಸಾಕು, ಮುಟ್ಟದೆ ಎದ್ದು ಬನ್ನಿ.

ಮನೆಯ ಪೊರಕೆಯನ್ನು ಕಣ್ಣಿಗೆ ಬೀಳದ ಕಡೆ ಇಡಿ, ಅದು ಬೇರೆ ಕೋಣೆಯಲ್ಲಿದ್ದಾಗ ಗುಡಿಸಿ. ತರುವ ದಿನ ಅದು ಮಲಗುವ ಬಟ್ಟೆಯನ್ನು ಕೇಳಿ ತನ್ನಿ. ಎಷ್ಟೇ ವಾಸನೆ ಬಂದರೂ ಒಂದು ತಿಂಗಳು ಒಗೆಯಬೇಡಿ.