ಸ್ನ್ಯಾಪಿಹೆಕ್ಸ್‌ಮೆಶ್: ಅಂಚಿಗೆ ಬಂದರೆ ಲೇಯರ್ ಮಾಯ, ಯಾಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಓಪನ್‌ಫೋಮ್‌ನಲ್ಲಿ (ಗಾಳಿ, ನೀರಿನ ಹರಿವು ಲೆಕ್ಕಹಾಕುವ ತಂತ್ರಾಂಶ) ಅಹ್ಮದ್ ಬಾಡಿ, ಅಂದರೆ ಕಾರಿನ ಸರಳ ಮಾದರಿ, ಮಾಡುತ್ತಿದ್ದೇನೆ. ಅದರ ಸುತ್ತ ಮೆಶ್ (ಲೆಕ್ಕಕ್ಕೆ ಬೇಕಾದ ಸೆಲ್‌ಗಳ ಜಾಲ) ಕಟ್ಟೋದು ಸ್ನ್ಯಾಪಿಹೆಕ್ಸ್‌ಮೆಶ್. 1044 ಮಿ.ಮೀ. ಉದ್ದ, ಹಿಂಬದಿಯ ಇಳಿಜಾರು 25 ಡಿಗ್ರಿ, ಗಾಳಿಯ ವೇಗ ಸೆಕೆಂಡಿಗೆ 40 ಮೀಟರ್. ಮೂಲ ಜಾಲ ಕೊಡುವ ಬ್ಲಾಕ್‌ಮೆಶ್‌ನಲ್ಲಿ 40 ಮಿ.ಮೀ. ಘನಾಕಾರದ ಸೆಲ್, ಬಾಡಿಯ ಮೇಲೆ ಲೆವೆಲ್ 4 (ನಾಲ್ಕು ಸಲ ಅರ್ಧ ಮಾಡಿದ್ದು), ಅಂದರೆ 2.5 ಮಿ.ಮೀ. ಬಾಡಿಯ ಗೋಡೆಗೆ ಅಂಟಿಕೊಂಡು ತೆಳು ಸೆಲ್‌ಗಳ ಮೂರು ಲೇಯರ್ ಕೇಳಿದ್ದೇನೆ. ಲಾಗ್‌ನ ಕೊನೆಯ ಪಟ್ಟಿಯಲ್ಲಿ ಸರಾಸರಿ 1.4 ಲೇಯರ್, ಕೇಳಿದ ದಪ್ಪದಲ್ಲಿ ಬರೀ 38%. ಮೆಶ್ ಪರೀಕ್ಷಿಸುವ ಚೆಕ್‌ಮೆಶ್ ಮಾತ್ರ ಎಲ್ಲ ಸರಿ ಇದೆ ಅನ್ನುತ್ತದೆ. ಎರಡು ದಿನದಿಂದ ಲೇಯರ್ ದಪ್ಪವನ್ನೇ ಹೆಚ್ಚು ಕಡಿಮೆ ಮಾಡುತ್ತಿದ್ದೇನೆ, ಏನೂ ಬದಲಾಗಿಲ್ಲ. ವೈ-ಪ್ಲಸ್ (ಗೋಡೆಯಿಂದ ಮೊದಲ ಸೆಲ್ ಎಷ್ಟು ದೂರ ಅನ್ನುವ ಅಳತೆ) ಒಂದು ಕಡೆ 40, ಪಕ್ಕದಲ್ಲೇ 130. ಹೀಗಿದ್ದರೆ ಡ್ರ್ಯಾಗ್ (ಗಾಳಿಯ ಎಳೆತ) ಲೆಕ್ಕ ನಂಬೋದು ಹೇಗೆ?

ಉತ್ತರ 1

ಸರಾಸರಿಯಿಂದ ಏನೂ ಗೊತ್ತಾಗಲ್ಲ. ಲೇಯರ್ ಎಲ್ಲಿ ಹೋಗಿದೆ ಅನ್ನೋದು ನೋಡಬೇಕು. ಮೊದಲು ಆ್ಯಡ್‌ಲೇಯರ್ಸ್ ಆಫ್ ಮಾಡಿ, ಸ್ನ್ಯಾಪ್‌ವರೆಗೆ (ಮೆಶ್ ಬಾಡಿಯ ಮೇಲ್ಮೈಗೆ ಕೂರುವ ಹಂತ) ಮಾತ್ರ ಓಡಿಸಿ, ಮೆಶ್ಶನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ಹತ್ತಿರದಿಂದ ನೋಡಿ. ಅಂಚು ಗರಗಸದ ಹಲ್ಲಿನ ಹಾಗಿದ್ದರೆ ಲೇಯರ್ ವಿಷಯ ಆಮೇಲೆ, ಮೊದಲು ಫೀಚರ್ ಎಡ್ಜ್ ಫೈಲ್ (ಚೂಪು ಅಂಚುಗಳ ವಿವರ ಇರುವ ಫೈಲ್) ಸರಿ ಮಾಡಬೇಕು. ಅಂಚು ಚೊಕ್ಕವಾಗಿದ್ದರೆ ಲೇಯರ್ ಆನ್ ಮಾಡಿ, ಯಾವ ಅಂಚಲ್ಲಿ ಉಳಿದಿದೆ, ಯಾವುದರಲ್ಲಿ ಇಲ್ಲ, ಒಂದೊಂದಾಗಿ ಹೇಳಿ. ಲೇಯರ್ ಸೆಟ್ಟಿಂಗ್ ಕೂಡ ಹಾಕಿ.

ಕೇಳಿದವರು

ಸ್ನ್ಯಾಪ್ ಚೊಕ್ಕವಾಗಿದೆ. ಒಂದು ವಿಚಿತ್ರ ಕಂಡೆ. ಮೇಲ್ಭಾಗ ಇಳಿಜಾರಿಗೆ ತಿರುಗುವ ಅಂಚಲ್ಲಿ ಮೂರೂ ಲೇಯರ್ ಇವೆ. ಇಳಿಜಾರು ಮುಗಿದು ಹಿಂಬದಿ ನೇರ ಇಳಿಯುವ ಅಂಚಲ್ಲಿ ಒಂದೂ ಇಲ್ಲ. ಪಕ್ಕದ ಅಂಚುಗಳಲ್ಲೂ ಇಲ್ಲ. ಮೂತಿಯ ದುಂಡು ಭಾಗದಲ್ಲಿ ಅಲ್ಲಲ್ಲಿ ತೇಪೆ ಹಚ್ಚಿದ ಹಾಗೆ ಬಂದಿದೆ. ಫೀಚರ್‌ಆ್ಯಂಗಲ್ 60, ಎನ್‌ಲೇಯರ್‌ಐಟರ್ (ಲೇಯರ್ ಹಾಕುವ ಒಟ್ಟು ಸುತ್ತು) 20, ಎನ್‌ರಿಲ್ಯಾಕ್ಸ್ಡ್‌ಐಟರ್ 20.

ಉತ್ತರ 2

ಮ್ಯಾಕ್ಸ್‌ನಾನ್‌ಆರ್ಥೊ (ಸೆಲ್ ಎಷ್ಟು ಓರೆಯಾಗಬಹುದು ಅನ್ನುವ ಮಿತಿ) 180 ಮಾಡಿಬಿಡಿ, ಲೇಯರ್ ತಾನಾಗೇ ಬರುತ್ತದೆ.

ಉತ್ತರ 1

ದಯವಿಟ್ಟು ಹಾಗೆ ಮಾಡಬೇಡಿ. ಲೇಯರ್ ಬರಬಹುದು, ಆದರೆ ಓರೆಕೋರೆ ಸೆಲ್‌ಗಳೂ ಜೊತೆಗೆ ಬರುತ್ತವೆ, ಸಾಲ್ವರ್ ಅರ್ಧದಲ್ಲೇ ಕುಸಿಯಬಹುದು.

ನಿಮ್ಮ ಆ ವಿಚಿತ್ರದಲ್ಲೇ ಉತ್ತರ ಇದೆ. ಎರಡು ಮುಖಗಳ ನಡುವಿನ ತಿರುವು ಫೀಚರ್‌ಆ್ಯಂಗಲ್‌ಗಿಂತ ಜಾಸ್ತಿಯಾದರೆ ಸ್ನ್ಯಾಪಿ ಅಲ್ಲಿ ಲೇಯರ್ ಎಬ್ಬಿಸಲ್ಲ. ಮೇಲ್ಭಾಗದಿಂದ ಇಳಿಜಾರಿಗೆ ತಿರುವು 25 ಡಿಗ್ರಿ, ಹಾಗಾಗಿ ಪಾಸಾಯಿತು. ಇಳಿಜಾರಿನಿಂದ ಹಿಂಬದಿಗೆ 90ರಲ್ಲಿ 25 ಕಳೆದರೆ 65. ನಿಮ್ಮ ಮಿತಿ 60! ಐದೇ ಡಿಗ್ರಿಯಲ್ಲಿ ತಪ್ಪಿದೆ. ಪಕ್ಕದ ಅಂಚುಗಳು ಪೂರ್ತಿ 90. ಇದನ್ನು 130ಕ್ಕೆ ಏರಿಸಿ.

ಮೂತಿಯ ತೇಪೆಗೆ ಕಾರಣ ಬೇರೆ. ಸ್ನ್ಯಾಪಿ ಮೊದಲು ಮೆಶ್ಶನ್ನು ಗೋಡೆಯಿಂದ ಹಿಂದಕ್ಕೆ ತಳ್ಳುತ್ತದೆ, ಆ ಸಂದಿಯಲ್ಲಿ ಲೇಯರ್ ತುಂಬುತ್ತದೆ. ಸೆಲ್ ಕೆಟ್ಟರೆ ಅಲ್ಲಿ ಲೇಯರ್ ಕೈಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಎನ್‌ರಿಲ್ಯಾಕ್ಸ್ಡ್‌ಐಟರ್‌ನಷ್ಟು ಸುತ್ತು ಕಳೆದ ಮೇಲಷ್ಟೇ ಸೆಲ್ ಗುಣಮಟ್ಟದ ಸಡಿಲ ಮಿತಿಗಳು ಜಾರಿಗೆ ಬರುತ್ತವೆ. ನೀವು ಎರಡಕ್ಕೂ 20 ಕೊಟ್ಟಿದ್ದೀರಿ. ಅಂದರೆ ಸಡಿಲ ಮಿತಿಯ ಸರದಿ ಬರುವಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ, ಅಲ್ವಾ? ಎನ್‌ಲೇಯರ್‌ಐಟರ್ 50 ಮಾಡಿ, ಇನ್ನೊಂದು 20 ಇರಲಿ. ಮ್ಯಾಕ್ಸ್‌ನಾನ್‌ಆರ್ಥೊ 65 ಇಟ್ಟು, ಸಡಿಲ ಮಿತಿಯಲ್ಲಿ 75 ಕೊಟ್ಟರೆ ಸಾಕು.

ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಒಂದೊಂದೇ ಮಾಡಿ, ಪ್ರತಿ ಸಲ ಲಾಗ್‌ನ ಪಟ್ಟಿ ಇಟ್ಟುಕೊಳ್ಳಿ.

ಕೇಳಿದವರು

ಮಾಡಿದೆ! ಫೀಚರ್‌ಆ್ಯಂಗಲ್ ಬದಲಿಸಿದ್ದಕ್ಕೇ ಸರಾಸರಿ 2.3ಕ್ಕೆ ಏರಿತು. ಐಟರೇಷನ್ 50 ಮಾಡಿದ ಮೇಲೆ 2.8, ದಪ್ಪ 91%. ಹಿಂಬದಿಯ ಅಂಚನ್ನು ಸುತ್ತಿಕೊಂಡು ಮೂರೂ ಲೇಯರ್ ಹೋಗಿವೆ, ನೋಡಿ ತುಂಬಾ ಖುಷಿಯಾಯಿತು. ನಾಲ್ಕು ಕಾಲುಗಳು ಬಾಡಿಗೆ ಸೇರುವ ಮೂಲೆಯಲ್ಲಿ ಮಾತ್ರ ಇನ್ನೂ ತೆಳು. ಅದಕ್ಕೂ ಏನಾದರೂ ಮಾಡಬೇಕಾ?

ಉತ್ತರ 1

ಬೇಡ, ಬಿಡಿ. ಒಳಮೂಲೆಯಲ್ಲಿ ಎರಡು ಕಡೆಯ ಲೇಯರ್ ಎದುರುಬದುರಾಗುತ್ತವೆ, ಜಾಗ ಸಾಲದೆ ಸ್ನ್ಯಾಪಿಯೇ ತೆಳು ಮಾಡುತ್ತದೆ. ಇಳಿಜಾರಿನ ಮೇಲೆ ವೈ-ಪ್ಲಸ್ ಈಗ ಒಂದೇ ಸಮ ಇದೆಯಾ, ಅದನ್ನು ನೋಡಿ ಹೇಳಿ.

ಕೇಳಿದವರು

ಇದೆ. 35ರಿಂದ 45ರ ಒಳಗೇ. ರನ್ ಹಾಕಿದ್ದೇನೆ.