‘ಟೀ’ ಅಂದರೆ ಚಹಾನೋ ಊಟಾನೋ? ಬ್ರಿಟಿಷ್ ಕಪ್ಪು-ಬಿಳುಪು ಚಿತ್ರಗಳ ಸಬ್‌ಟೈಟಲ್ ಬಗ್ಗೆ

ಪ್ರಶ್ನೆ: ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’ (1960) ತರಹದ, ಕಾರ್ಮಿಕರ ಮನೆಗಳಲ್ಲಿ ನಡೆಯುವ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವಾಗ ‘ಟೀ’, ‘ಡಿನ್ನರ್’, ‘ಸಪ್ಪರ್’ ಇವಕ್ಕೆ ಏನು ಹಾಕಬೇಕು? ‘ಟೀ’ ಅನ್ನುತ್ತಾರೆ, ಮೇಜಿನ ಮೇಲೆ ನೋಡಿದರೆ ತಟ್ಟೆ ತುಂಬ ಊಟ. ಕೆಳವರ್ಗದ ದಿನನಿತ್ಯದ ಬದುಕನ್ನು ಇದ್ದಹಾಗೇ ತೋರಿಸುವ ಇಂಥ ‘ಕಿಚನ್ ಸಿಂಕ್ ಡ್ರಾಮಾ’ಗೆ ಕನ್ನಡದಲ್ಲಿ ಏನನ್ನಬಹುದು?

ಉತ್ತರ 1: ಮೇಜಿನ ಮೇಲಿರುವುದನ್ನೇ ನಂಬಿ. ಉತ್ತರ ಇಂಗ್ಲೆಂಡ್ ಮತ್ತು ಮಿಡ್‌ಲ್ಯಾಂಡ್ಸ್‌ನ ಕಾರ್ಮಿಕರಿಗೆ ‘ಡಿನ್ನರ್’ ಮಧ್ಯಾಹ್ನದ್ದು. ‘ಟೀ’ ಅಂದರೆ ಕಾರ್ಖಾನೆ ಬಿಟ್ಟು ಬಂದು ಐದಾರು ಗಂಟೆಗೆ ಉಣ್ಣುವುದು. ‘ಸಂಜೆಯ ಊಟ’ ಅಂತ ಬರೆಯಬೇಡಿ, ಯಾವ ತಾಯಿಯೂ ಮಗನನ್ನು ಹಾಗೆ ಕರೆಯುವುದಿಲ್ಲ. ‘ಊಟಕ್ಕೆ ಬಾರೋ’ ಸಾಕು. ನಮ್ಮ ‘ಊಟ’ಕ್ಕೆ ಹೊತ್ತಿನ ಹಂಗಿಲ್ಲ. ಆದರೆ ‘ಸಂಡೇ ಡಿನ್ನರ್’ ಬಂದಾಗ ‘ಭಾನುವಾರ ಮಧ್ಯಾಹ್ನ’ ಎಂದು ಸೇರಿಸಲೇಬೇಕು. ಇಲ್ಲದಿದ್ದರೆ ಹಾಡಹಗಲಲ್ಲಿ ರಾತ್ರಿ ಊಟ ಮಾಡಿಸಿದಂತಾಗುತ್ತದೆ.

ಇದನ್ನೇ ಎಲ್ಲ ಚಿತ್ರಕ್ಕೂ ಹಚ್ಚಬೇಡಿ. ಡೇವಿಡ್ ಲೀನ್ ನಿರ್ದೇಶಿಸಿದ ‘ಬ್ರೀಫ್ ಎನ್‌ಕೌಂಟರ್’ (1945) ನೋಡಿ. ಲಾರಾ ಮಧ್ಯಮವರ್ಗದ ಗೃಹಿಣಿ, ಅವಳ ಮನೆಯಲ್ಲಿ ಡಿನ್ನರ್ ರಾತ್ರಿಯದು. ಮಿಲ್‌ಫರ್ಡ್ ಜಂಕ್ಷನ್ ರೈಲು ನಿಲ್ದಾಣದ ಕ್ಯಾಂಟೀನಿನಲ್ಲಿ ಕುಡಿಯುವುದು ಬರೀ ಚಹಾ, ಜೊತೆಗೆ ಬನ್ನು. ಹಾಗಾಗಿ ಮೊದಲು ಪಾತ್ರದ ವರ್ಗ, ಆಮೇಲೆ ಗಡಿಯಾರ, ಕೊನೆಗೆ ನಿಘಂಟು.

‘ಸಪ್ಪರ್’ ಇನ್ನೂ ಮೋಸದ ಪದ. ಕಾರ್ಮಿಕರಲ್ಲಿ ಅದು ಮಲಗುವ ಮುಂಚಿನ ಬ್ರೆಡ್ಡು-ಚೀಸಿನ ತಿಂಡಿ, ಮೇಲ್ಮಧ್ಯಮವರ್ಗದಲ್ಲಿ ಮನೆಮಂದಿಯ ಸರಳ ರಾತ್ರಿಯೂಟ. ‘ಹೈ ಟೀ’ ಕೇಳಿ ಬೆಂಗಳೂರಿನ ಸ್ಟಾರ್ ಹೋಟೆಲಿನ ಪೇಸ್ಟ್ರಿ ನೆನೆಯಬೇಡಿ. ಅಲ್ಲಿ ಅದು ತಣ್ಣನೆಯ ಮಾಂಸ, ಮೀನು, ಮೊಟ್ಟೆ, ಬ್ರೆಡ್ಡಿನ ಗಟ್ಟಿ ಊಟ. ನಾಟಿಂಗ್‌ಹ್ಯಾಮ್ ಕಡೆಯ ಗಣಿ ಕೆಲಸಗಾರರು ‘ಸ್ನ್ಯಾಪ್’ ಅಂದರೆ ಕಣ್ಣುಮುಚ್ಚಿ ‘ಬುತ್ತಿ’ ಅಂತ ಬರೆಯಿರಿ.

ಉತ್ತರ 2: ಕಿಚನ್ ಸಿಂಕ್ ಬಗ್ಗೆ. ಈ ಹೆಸರು ಮೊದಲು ಅಂಟಿದ್ದು ಚಿತ್ರಕಲೆಗೆ. 1954ರಲ್ಲಿ ವಿಮರ್ಶಕ ಡೇವಿಡ್ ಸಿಲ್ವೆಸ್ಟರ್ ಬರೆದ ಲೇಖನದಿಂದ ಜಾನ್ ಬ್ರಾಟ್‌ಬಿ ಮೊದಲಾದವರ ಕಲೆಗೆ ಅಂಟಿ, ಆಮೇಲೆ ನಾಟಕಕ್ಕೂ ಸಿನಿಮಾಕ್ಕೂ ಬಂತು. ಪ್ರಕಾರದ ಹೆಸರಾಗಿ ಹಾಗೇ ಇರಲಿ. ‘ಅಡುಗೆಮನೆ ನಾಟಕ’ ಅಂದರೆ ಅತ್ತೆ-ಸೊಸೆ ಧಾರಾವಾಹಿ ಅಂದುಕೊಂಡಾರು! ಸಂಭಾಷಣೆಯಲ್ಲಿ ಬರುವ ಸಿಂಕ್ ಬೇರೆ ಮಾತು. ಅಂಥ ಎಷ್ಟೋ ಮನೆಗಳಲ್ಲಿ ಸ್ನಾನದ ಕೋಣೆಯೇ ಇರಲಿಲ್ಲ. ಪಾತ್ರೆ ತೊಳೆಯುವುದು, ಗಂಡಸರು ಗಡ್ಡ ಹೆರೆದುಕೊಳ್ಳುವುದು ಎಲ್ಲ ಅಲ್ಲೇ. ‘ಬಚ್ಚಲು’ ಅನ್ನುವುದೇ ಹತ್ತಿರ. ಒಂದಕ್ಕೊಂದು ಗೋಡೆ ಅಂಟಿದ ಆ ಮನೆಗಳಿಗೆ ‘ವಠಾರ’ ಬೇಡ, ಅಂಗಳ ನೆನಪಾಗುತ್ತದೆ. ಕೊಡಗಿನ ತೋಟಗಳಲ್ಲಿ ಬಳಕೆಯಲ್ಲಿರುವ ‘ಲೈನ್ ಮನೆ’ ಹೊಂದುತ್ತದೆ.

ದುಡ್ಡಿನ ಲೆಕ್ಕದಲ್ಲೂ ಎಡವುತ್ತಾರೆ. 1971ರ ಫೆಬ್ರವರಿ 15ಕ್ಕೆ ದಶಮಾಂಶ ಪದ್ಧತಿ ಬರುವ ತನಕ ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ‘ಬಾಬ್’ ಅಂದರೆ ಶಿಲಿಂಗ್, ‘ಕ್ವಿಡ್’ ಅಂದರೆ ಪೌಂಡ್, ‘ಹಾಫ್ ಎ ಕ್ರೌನ್’ ಅಂದರೆ ಎರಡೂವರೆ ಶಿಲಿಂಗ್; ‘ಅರ್ಧ ಕಿರೀಟ’ ಅಲ್ಲ. ಆಣೆಗೆ ಇಳಿಸಬೇಡಿ, ಓದುವವರು ರೂಪಾಯಿ ಲೆಕ್ಕ ಹಾಕಲು ಕೂರುತ್ತಾರೆ.

‘ಸ್ಯಾಟರ್ಡೇ ನೈಟ್’ ಚಿತ್ರದ ನಾಯಕ, ಲೇತ್ ಮುಂದೆ ನಿಂತ ಆರ್ಥರ್ ಸೀಟನ್‌ನದು ಪೀಸ್‌ವರ್ಕ್, ಅಂದರೆ ಮಾಡಿದ ಬಿಡಿಭಾಗಕ್ಕೆ ಇಷ್ಟೆಂದು ಕೂಲಿ. ಅದಕ್ಕೆ ‘ತುಂಡು ಗುತ್ತಿಗೆ’ ಬರೆದರೆ ಲೋಕೋಪಯೋಗಿ ಇಲಾಖೆಯ ರಸ್ತೆ ಕೆಲಸ ಆಗಿಬಿಡುತ್ತದೆ. ‘ಪೀಸ್ ರೇಟ್’ ಅಂತಲೇ ಬಿಡಿ, ಗಾರ್ಮೆಂಟ್ಸಿನಲ್ಲಿ ದುಡಿಯುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.